ಪ್ರಶ್ನೆ ಯಾರದ್ದು, ಲೆಕ್ಕಪುಸ್ತಕ ಯಾರ ಕೈಲಿ?

ಕೇಳುಗರಿಗೆ ನಮಸ್ಕಾರ. ಬಡ ದೇಶಗಳಲ್ಲಿ ಸಂಶೋಧನೆಯ ಸಾಮರ್ಥ್ಯ ಬೆಳೆಯುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಜೋರು ಜ್ವರದ ಮಗುವೊಂದು ಆಸ್ಪತ್ರೆಗೆ ಬಂದಿದೆ ಅಂದುಕೊಳ್ಳಿ. ಕೈಕಾಲು ತಣ್ಣಗಾಗಿವೆ. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು ಬೇಗ ಕೆಂಪಗಾಗುತ್ತಿಲ್ಲ. ರಕ್ತದ ಓಟ ಕುಗ್ಗಿದೆ ಅನ್ನುವುದಕ್ಕೆ ಇವು ಗುರುತು. ಇಂಥ ಮಗುವಿಗೆ ತಕ್ಷಣ ರಭಸವಾಗಿ ಸಲೈನ್ ಏರಿಸಬೇಕು ಅಂತ ವೈದ್ಯರು ಬಹಳ ಕಾಲದಿಂದ ಕಲಿತು ಬಂದಿದ್ದರು. ಶ್ರೀಮಂತ ದೇಶಗಳ ಐಸಿಯುಗಳಲ್ಲಿ ಹಾಗೇ ಮಾಡುತ್ತಿದ್ದರು. ಐಸಿಯು, ವೆಂಟಿಲೇಟರ್ ಇಲ್ಲದ ಕಡೆ ಅದೇ ಪದ್ಧತಿ ನಡೆಯುತ್ತದಾ? ದೊಡ್ಡ ಮಟ್ಟದಲ್ಲಿ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಕೀನ್ಯಾ, ಉಗಾಂಡಾ, ತಾಂಜಾನಿಯಾಗಳ ಆರು ಆಸ್ಪತ್ರೆಗಳು ನೋಡಿದವು. ಫೀಸ್ಟ್ ಎಂಬ ಆ ಅಧ್ಯಯನದ ಮುಖ್ಯ ಭಾಗದಲ್ಲಿ 3141 ಮಕ್ಕಳಿದ್ದರು. ವಾಂತಿಭೇದಿಯಾದ ಮಕ್ಕಳನ್ನು ಸೇರಿಸಿರಲಿಲ್ಲ. ಅವರ ವಿಷಯವೇ ಬೇರೆ. ರಭಸವಾಗಿ ದ್ರವ ಏರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಶೇಕಡಾ 10.5ರ ಆಸುಪಾಸು ಮಕ್ಕಳು ತೀರಿಕೊಂಡರು. ಹಾಗೆ ಏರಿಸದ ಗುಂಪಿನಲ್ಲಿ ಶೇಕಡಾ 7.3. ಅಂದರೆ ಒಳ್ಳೆಯದಾಗಲಿ ಅಂತ ಮಾಡುತ್ತಿದ್ದದ್ದೇ ಮುಳುವಾಗಿತ್ತು. ಅಧ್ಯಯನವನ್ನು ಅಂದುಕೊಂಡದ್ದಕ್ಕಿಂತ ಮುಂಚೆಯೇ ನಿಲ್ಲಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು.

ಈ ಉತ್ತರ ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ಕೂತರೆ ಸಿಗುತ್ತಿರಲಿಲ್ಲ, ಅಲ್ವಾ? ಹಾಗಂತ ಆಫ್ರಿಕಾದಲ್ಲಿ ಸುಮ್ನೆ ಹುಟ್ಟಿಕೊಂಡದ್ದೂ ಅಲ್ಲ. ಅಧ್ಯಯನ ಮುನ್ನಡೆಸಿದ ಕ್ಯಾಥ್ರಿನ್ ಮೈಟ್‌ಲೆಂಡ್ ಕೆಲಸ ಮಾಡುತ್ತಿದ್ದದ್ದು ಕೀನ್ಯಾದ ಕರಾವಳಿಯ ಕಿಲಿಫಿಯಲ್ಲಿ. ಅಲ್ಲಿ ಕೀನ್ಯಾದ ವೈದ್ಯಕೀಯ ಸಂಶೋಧನಾ ಸಂಸ್ಥೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಸಂಶೋಧನೆಗೆ ಹಣ ಕೊಡುವ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಜೊತೆಗೂಡಿ 1989ರಿಂದ ಕೇಂದ್ರ ನಡೆಸುತ್ತಿದ್ದವು. ಅಷ್ಟು ವರ್ಷ ಒಂದೇ ಜಾಗದಲ್ಲಿ ಕಾಲೂರಿ ನಿಂತಿದ್ದಕ್ಕೇ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಲು ಆಯಿತು.

ಬಡ ದೇಶಗಳಲ್ಲಿ ಸಂಶೋಧನಾ ಸಾಮರ್ಥ್ಯ ಬೆಳೆಸುವುದು ಅಂದಾಗ ಎಲ್ಲರ ಲೆಕ್ಕ ಪಿಎಚ್‌ಡಿಗಳ ಮೇಲೇ ನಿಲ್ಲುತ್ತದೆ. ಪಿಎಚ್‌ಡಿ ಬೇಕು, ನಿಜ. ಅದನ್ನು ಮಾಡಿಸುವ ರೀತಿಯೂ ಮುಖ್ಯ. ವರ್ಷಗಟ್ಟಲೆ ಹೊರದೇಶಕ್ಕೆ ಕಳಿಸಿದರೆ ಅನೇಕರು ಅಲ್ಲೇ ಉಳಿದುಬಿಡುತ್ತಾರೆ. ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯವೂ ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯೂ ಬೇರೆ ದಾರಿ ಹಿಡಿದವು. ವಿದ್ಯಾರ್ಥಿ ತನ್ನ ಊರಿನ ರೋಗದ ಮೇಲೇ ಕೆಲಸ ಮಾಡುತ್ತಾರೆ. ನಡುನಡುವೆ ಕೆಲವು ತಿಂಗಳು ಸ್ವೀಡನ್ನಿಗೆ ಹೋಗಿ ಬರುತ್ತಾರೆ. ಮಾರ್ಗದರ್ಶಕರು ಎರಡೂ ಕಡೆ ಇರುತ್ತಾರೆ.

ಪದವಿ ಸಿಕ್ಕಿತು ಅನ್ನಿ, ಮುಂದೇನು? ರಕ್ತದ ಮಾದರಿಗಳನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡಬೇಕು. ಪ್ರಾಜೆಕ್ಟ್ ಇರುವಷ್ಟು ದಿನ ಜನರೇಟರಿಗೆ ಡೀಸೆಲ್ ಬರುತ್ತದೆ. ಆಮೇಲೆ ರಾತ್ರಿ ಕರೆಂಟ್ ಹೋದರೆ ಯಾರು ನೋಡಬೇಕು? ಕಂಪ್ರೆಸರ್ ಕೆಟ್ಟರೆ ರಿಪೇರಿಗೆ ಯಾವ ಖಾತೆಯಿಂದ ದುಡ್ಡು ತೆಗೆಯಬೇಕು? ಫ್ರೀಜರ್ ಕೊಟ್ಟವರ ಹೆಸರು ಬಾಗಿಲ ಮೇಲಿರುತ್ತದೆ, ಸರ್ವೀಸ್ ಮಾಡಿಸುವವರ ಹೆಸರು ಎಲ್ಲೂ ಇರುವುದಿಲ್ಲ. ಲ್ಯಾಬ್ ಟೆಕ್ನಿಷಿಯನ್, ಅಂಕಿಅಂಶ ತಜ್ಞರು, ನೈತಿಕ ಸಮಿತಿಯ ಕಾರ್ಯದರ್ಶಿ, ಅನುದಾನದ ಲೆಕ್ಕ ಬರೆಯುವವರು, ಇವರೆಲ್ಲ ಇದ್ದರೇ ಪಿಎಚ್‌ಡಿ ಮಾಡಿ ಬಂದವರು ಕೆಲಸ ಮಾಡಬಲ್ಲರು. ಒಪ್ಪಂದಗಳ ಫೋಟೋದಲ್ಲಿ ಇವರನ್ನು ನಿಲ್ಲಿಸುವುದಿಲ್ಲ ಬಿಡಿ.

ದುಡ್ಡಿನ ಕಥೆಯೂ ಇಲ್ಲೇ ಇದೆ. ಸಂಶೋಧನೆಯ ಅನುದಾನದ ಜೊತೆಗೆ ಕಟ್ಟಡ, ವಿದ್ಯುತ್, ಕಚೇರಿ ಖರ್ಚಿಗೆ ಅಂತ ಒಂದಷ್ಟು ಪಾಲು ಬರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಹೊರದೇಶದ ಸಂಸ್ಥೆಗಳಿಗೆ ಈ ಪಾಲನ್ನು ಶೇಕಡಾ 8ಕ್ಕೆ ಕಟ್ಟಿಹಾಕಿತ್ತು. ಅದೇ ಹೊತ್ತಿನಲ್ಲಿ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಶೇಕಡಾ 50ಕ್ಕಿಂತ ಜಾಸ್ತಿ ಪಡೆಯುತ್ತಿದ್ದವು. ಕರೆಂಟ್ ಹೆಚ್ಚು ಕೈಕೊಡುವ ಕಡೆಗೇ ಕರೆಂಟಿನ ದುಡ್ಡು ಕಡಿಮೆ!

2010ರಲ್ಲಿ ಒಂದು ಒಳ್ಳೆಯ ಪ್ರಯೋಗವೂ ಶುರುವಾಯಿತು. ಮೆಪಿ ಎಂಬ ಆ ಯೋಜನೆಯಲ್ಲಿ ಅಮೆರಿಕ ಸರ್ಕಾರ ಐದು ವರ್ಷಕ್ಕೆ ಸುಮಾರು 13 ಕೋಟಿ ಡಾಲರ್ ಇಟ್ಟಿತು. ಹಣ ನೇರವಾಗಿ ಆಫ್ರಿಕಾದ ವೈದ್ಯಕೀಯ ಕಾಲೇಜುಗಳಿಗೆ ಹೋಯಿತು. ಅಮೆರಿಕದ ವಿಶ್ವವಿದ್ಯಾಲಯಗಳು ಪಾಲುದಾರರಾಗಿ ಅವರಿಂದ ತಮ್ಮ ಪಾಲು ಪಡೆದವು. ಅಲ್ಲಿಯವರೆಗೆ ಸಾಮಾನ್ಯವಾಗಿ ಇದು ಉಲ್ಟಾ ಇತ್ತು. ಯಾರ ಕೈಲಿ ಲೆಕ್ಕಪುಸ್ತಕ ಇರುತ್ತದೋ, ಯಾವ ರೋಗದ ಬಗ್ಗೆ ಪ್ರಶ್ನೆ ಕೇಳಬೇಕು ಅನ್ನುವುದನ್ನೂ ಅವರೇ ನಿರ್ಧರಿಸುತ್ತಾರೆ. ನನ್ನ ಮಟ್ಟಿಗೆ ಸಹಭಾಗಿತ್ವದ ನಿಜವಾದ ಪರೀಕ್ಷೆ ಇದೇ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಬಂತು ಅನ್ನುವುದು ಆಮೇಲಿನ ಮಾತು.

2025ರ ಮೇ ತಿಂಗಳಲ್ಲಿ ಎನ್‌ಐಎಚ್ ಇನ್ನೊಂದು ಬದಲಾವಣೆ ಘೋಷಿಸಿತು. ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಅನುದಾನದಲ್ಲಿ ಹೊರದೇಶದ ಪಾಲುದಾರರಿಗೆ ಹಣ ಹಂಚುವ ಹಳೆಯ ಪದ್ಧತಿಗೆ ತಡೆ ಬಿತ್ತು. ಇನ್ನು ಮುಂದೆ ಅಂಥ ಪಾಲುದಾರರಿಗೆ ಹಣವನ್ನು ಪ್ರತ್ಯೇಕವಾಗಿ, ನೇರವಾಗಿ ಕೊಡುವ ವ್ಯವಸ್ಥೆ ಮಾಡುತ್ತೇವೆ ಅಂದರು. ನೇರವಾಗಿ ಅಂದರೆ ಅರ್ಜಿ, ಲೆಕ್ಕ, ಆಡಿಟ್ ಎಲ್ಲವನ್ನೂ ಹೊರದೇಶದ ಆ ವಿಶ್ವವಿದ್ಯಾಲಯವೇ ನಿಭಾಯಿಸಬೇಕು. ಸ್ವಂತ ಅನುದಾನ ಕಚೇರಿ ಕಟ್ಟಿಕೊಂಡವರಿಗೆ ಅದು ಸಾಧ್ಯ. ಆ ಕೆಲಸವನ್ನು ಇಷ್ಟು ವರ್ಷ ಅಮೆರಿಕದ ಪಾಲುದಾರರಿಗೇ ಬಿಟ್ಟವರು ಈಗ ಮೊದಲಿಗೆ ಒಬ್ಬ ಅಕೌಂಟೆಂಟನ್ನು ಹುಡುಕಬೇಕು.