ಗವರ್ನರ್ ಗಾದಿಗೇರಿದ ಕ್ಯಾಪ್ಟನ್

ಕೇಳುಗರಿಗೆ ನಮಸ್ಕಾರ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೈನ್ಯದ ದಂಡನಾಯಕ ಜನರಲ್ ಹ್ಯಾರಿಸ್. ಅವನಿಗೆ ಮುಂದೆ ದೊರೆತ ಬಿರುದಿನಲ್ಲಿ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಹೆಸರುಗಳೂ ಸೇರಿಕೊಂಡವು. ಆ ಬಿರುದು ವಂಶದಲ್ಲಿ ಇಳಿದು ಬಂದು ತಲುಪಿದ್ದು ಅವನ ಮರಿಮಗ, ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ, ನಾಲ್ಕನೆಯ ಲಾರ್ಡ್ ಹ್ಯಾರಿಸ್ ಅವರಿಗೆ. 1890ರಿಂದ 1895ರವರೆಗೆ ಅವರು ಮುಂಬಯಿ ಪ್ರಾಂತ್ಯದ ಗವರ್ನರ್ ಆಗಿದ್ದರು. ಧಾರವಾಡ, ಬೆಳಗಾವಿಗಳು ಆಗ ಅದೇ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ನಿಮ್ಮ ಹಿರಿಯರಿಗೂ ಅವರೇ ಗವರ್ನರ್.

ಹ್ಯಾರಿಸ್ ಆಟದ ನಿಯಮಗಳನ್ನು ಚೆನ್ನಾಗಿ ಬಲ್ಲವರು. ಬೇಲಿಯಾಚೆ ನಿಂತ ಜನರನ್ನು ಮಾತ್ರ ಅವರು ಕೊನೆಯವರೆಗೂ ಅರಿಯಲಿಲ್ಲ. ಇದಕ್ಕೆ ಸಿಡ್ನಿಯ ಪ್ರಸಂಗವೇ ಸಾಕ್ಷಿ.

1879ರ ಫೆಬ್ರುವರಿ 8, ಶನಿವಾರ. ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದ ಹ್ಯಾರಿಸ್ ಅವರ ಇಂಗ್ಲಿಷ್ ತಂಡಕ್ಕೆ ಸಿಡ್ನಿಯನ್ನೊಳಗೊಂಡ ನ್ಯೂ ಸೌತ್ ವೇಲ್ಸ್‌ನ ತಂಡದ ವಿರುದ್ಧ ಪಂದ್ಯ. ಊರಿನ ಕಣ್ಮಣಿ ಬಿಲ್ಲಿ ಮರ್ಡಕ್ ಮೊದಲ ಸರದಿಯಲ್ಲಿ ಔಟಾಗದೆ 82 ರನ್ ಗಳಿಸಿದ್ದರು. ಎರಡನೆಯ ಸರದಿಯಲ್ಲಿ ಅವರು ಹತ್ತು ರನ್ ಗಳಿಸಿದ್ದಾಗ ಅಂಪೈರ್ ಕೋಲ್ತಾರ್ಡ್ ರನೌಟ್ ಕೊಟ್ಟರು. ಹ್ಯಾರಿಸ್ ಅವರೇ ಕರೆತಂದಿದ್ದ ಈ ಅಂಪೈರ್ ಮೆಲ್ಬರ್ನಿನವರು. ಸಿಡ್ನಿಯ ಜನಕ್ಕೆ ಮೆಲ್ಬರ್ನ್ ಎಂದರೆ ಮೊದಲೇ ಆಗದು, ಮೇಲೆ ಪಂದ್ಯದ ಮೇಲೆ ಬಾಜಿ ಬೇರೆ ಕಟ್ಟಿದ್ದರು! ಜನ ಒಳಗೆ ನುಗ್ಗಿದರು. ಅಂಪೈರನ್ನು ಕಾಪಾಡಲು ಮುಂದಾದ ಹ್ಯಾರಿಸ್ ಅವರಿಗೇ ಕೋಲಿನ ಪೆಟ್ಟು ಬಿತ್ತು. ಹೊಡೆದವನನ್ನು ಹಿಡಿದೆಳೆದ ಸಹ ಆಟಗಾರ ಹಾರ್ನ್‌ಬಿಯ ಅಂಗಿ ಚಿಂದಿಯಾಯಿತು. ಎದುರಾಳಿ ನಾಯಕ ಗ್ರೆಗರಿ ಅಂಪೈರನ್ನು ಬದಲಿಸಿರೆಂದರೂ ಹ್ಯಾರಿಸ್ ಜಗ್ಗಲಿಲ್ಲ; ಹೊರನಡೆದರೆ ಪಂದ್ಯ ಬಿಟ್ಟುಕೊಟ್ಟಂತಾದೀತೆಂದು ಮೈದಾನದಲ್ಲೇ ನಿಂತರು. ಅಂದು ಇನ್ನೊಂದು ತುದಿಯಲ್ಲಿ ಅಂಪೈರ್ ಆಗಿದ್ದ ಎಡ್ಮಂಡ್ ಬಾರ್ಟನ್ ಮುಂದೆ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದರು. ಸೋಮವಾರ ಹ್ಯಾರಿಸ್ ತಂಡ ಇನ್ನಿಂಗ್ಸ್ ಅಂತರದಿಂದ ಗೆದ್ದಿತು. ನಿಯಮದ ಪ್ರಕಾರ ಹ್ಯಾರಿಸ್ ಸರಿ. ಆದರೆ ಅಷ್ಟು ಸಾವಿರ ಜನ ಏಕೆ ಕೆರಳಿದರೆಂದು ಅವರು ಯೋಚಿಸಿದಂತೆ ಕಾಣುವುದಿಲ್ಲ.

ಹದಿನಾಲ್ಕು ವರ್ಷಗಳ ನಂತರ, 1893ರ ಆಗಸ್ಟಿನಲ್ಲಿ, ಮುಂಬಯಿಯಲ್ಲಿ ಹಿಂದೂ-ಮುಸ್ಲಿಂ ಗಲಭೆ ಹೊತ್ತಿಕೊಂಡಿತು. ಗವರ್ನರ್ ಪುಣೆ ಬಳಿಯ ಗಣೇಶಖಿಂಡಿನಲ್ಲಿದ್ದರು. ಅವರು ನಗರಕ್ಕೆ ಬಂದದ್ದು ಒಂಬತ್ತನೆಯ ದಿನ. ಅದೂ ಕ್ರಿಕೆಟ್ ಪಂದ್ಯಕ್ಕಾಗಿ ಎಂದು ಟೀಕಾಕಾರರು ಆಡಿಕೊಂಡರು. ಮತ್ತೆ ಅದೇ ಮಾತು: ಜನರನ್ನು ಅರಿಯಲಿಲ್ಲ.

ಅವರನ್ನು ಭಾರತೀಯ ಕ್ರಿಕೆಟ್ಟಿನ ಪಿತಾಮಹ ಎನ್ನುವವರಿದ್ದಾರೆ. ಈ ಮಾತನ್ನು ಇನ್ನೆಷ್ಟು ದಿನ ಕೇಳಬೇಕೋ! ಮುಂಬಯಿಯ ಪಾರ್ಸಿಗಳು 1848ರಲ್ಲೇ ಕ್ಲಬ್ ಕಟ್ಟಿದ್ದರು, 1886ರಲ್ಲಿ ಇಂಗ್ಲೆಂಡಿಗೇ ಹೋಗಿ ಆಡಿ ಬಂದಿದ್ದರು. ಆಗ ಹ್ಯಾರಿಸ್ ಗವರ್ನರ್ ಆಗಿರಲೇ ಇಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಸಿಡ್ನಿಯಲ್ಲೇ ಹೆಚ್ಚು ಹೊತ್ತು ನಿಂತುಬಿಟ್ಟೆ. 1922ರಲ್ಲಿ, ಎಪ್ಪತ್ತು ದಾಟಿದ ಹ್ಯಾರಿಸ್, ಗ್ಲಾಸ್ಟರ್‌ಶೈರ್ ಪರ ಆಡತೊಡಗಿದ್ದ ವಾಲಿ ಹ್ಯಾಮಂಡ್ ಎಂಬ ಹುಡುಗ ಹುಟ್ಟಿದ್ದು ಹ್ಯಾರಿಸ್ ಅವರದೇ ಕೆಂಟ್ ಕೌಂಟಿಯ ಡೋವರಿನಲ್ಲಿ, ಆಟಗಾರ ತಾನು ಹುಟ್ಟಿದ ಇಲ್ಲವೆ ನೆಲೆಸಿದ ಕೌಂಟಿಗಷ್ಟೇ ಆಡಬೇಕೆಂಬುದು ನಿಯಮ ಎಂದು ಆಕ್ಷೇಪಿಸಿ, ಕೌಂಟಿ ಪಂದ್ಯಾವಳಿಯಿಂದ ಅವನನ್ನು ಹೊರಗೆ ಕೂರಿಸಿದರು.