ತಟ್ಟೆಯಲ್ಲಿ ಉಳಿದ ಕೊನೆಯ ತುಂಡು

ನೀವೀಗ ನೋಡುತ್ತಿರುವ ತಟ್ಟೆಯಲ್ಲಿ ಕರಿದ ಕೋಳಿಯ ಒಂದೇ ಒಂದು ತುಂಡು ಉಳಿದಿದೆ. ಮೇಜಿನ ಸುತ್ತ ನಾವು ನಾಲ್ವರಿದ್ದೇವೆ. ನಾಲ್ವರಿಗೂ ಅದು ಇಷ್ಟ, ಆದರೂ ಹತ್ತು ನಿಮಿಷಗಳಿಂದ ಯಾರೂ ಅದನ್ನು ಮುಟ್ಟಿಲ್ಲ. ಟೋಕಿಯೊದ ರೈಲು ನಿಲ್ದಾಣವೊಂದರ ಹಿಂದಿನ ಗಲ್ಲಿಯಲ್ಲಿರುವ ಈ ಪುಟ್ಟ ಇಜಕಾಯಾದಲ್ಲಿ, ಅಂದರೆ ಮದ್ಯದ ಜೊತೆಗೆ ತಿನಿಸುಗಳೂ ಸಿಗುವ ಜಪಾನಿ ಅಂಗಡಿಯಲ್ಲಿ, ಚಿತ್ರೀಕರಣಕ್ಕೆ ಅನುಮತಿ ಕೇಳಿದಾಗ, ಗಿರಾಕಿಗಳ ಮುಖ ಎಲ್ಲಿಯೂ ಕಾಣಬಾರದೆಂದು ಮಾಲೀಕರು ಹೇಳಿದ್ದರು. ಆದ್ದರಿಂದ ಈ ವಿಡಿಯೊದ ಉದ್ದಕ್ಕೂ ನಿಮಗೆ ಕಾಣುವುದು ಕೈಗಳು ಮತ್ತು ತಟ್ಟೆಗಳು ಮಾತ್ರ. ನಾನು ಹೇಳಬೇಕೆಂದಿರುವುದು ಆ ಕೈಗಳ ಬಗೆಗೇ ಆಗಿರುವುದರಿಂದ ಅಷ್ಟು ಸಾಕು.

ಇಜಕಾಯಾ ಎಂಬ ಪದದಲ್ಲಿ ‘ಸಕಾಯಾ’ ಎಂದರೆ ಮದ್ಯದ ಅಂಗಡಿ. ಅದರ ಮುಂದಿನ ‘ಇ’ ಎಂದರೆ ಇರುವುದು, ಕೂತಿರುವುದು. ಟೋಕಿಯೊಗೆ ಎಡೊ ಎಂಬ ಹೆಸರಿದ್ದ ಕಾಲದಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯವನ್ನು ಅಳೆದು ಮಾರುತ್ತಿದ್ದ ಅಂಗಡಿಗಳಲ್ಲಿ ಜನರು ಕೊಂಡದ್ದನ್ನು ಮನೆಗೆ ಒಯ್ಯದೆ ಅಲ್ಲಿಯೇ ಉಳಿದು ಕುಡಿಯತೊಡಗಿದರು, ಅಂಗಡಿಯವರು ಜೊತೆಗೆ ಬಾಯಾಡಿಸಲು ಏನನ್ನಾದರೂ ಕೊಡತೊಡಗಿದರು. 1596ರಲ್ಲಿ ಆರಂಭವಾದ ತೊಶಿಮಾಯಾ ಎಂಬ ಅಂಗಡಿಯು ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯನ್ನು ಹಚ್ಚಿ ಸುಟ್ಟ ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ಸಾಕೆಯೊಂದಿಗೆ ಮಾರಿ ಹೆಸರಾಯಿತು. 1811ರಲ್ಲಿ ನಡೆದ ಎಣಿಕೆಯ ಪ್ರಕಾರ ಎಡೊದಲ್ಲಿ 1,808 ಇಜಕಾಯಾಗಳಿದ್ದವು. ಕುಡಿಯಲು ಬಂದವರ ಊಟದ ಅಗತ್ಯದಿಂದ ಹುಟ್ಟಿದ ಈ ಜಾಗದಲ್ಲಿ ಇಂದಿಗೂ ಗಾಜಿನ ಲೋಟಕ್ಕಿಂತ ತಟ್ಟೆಗಳೇ ಮೇಜಿನ ಹೆಚ್ಚು ಭಾಗವನ್ನು ಆವರಿಸಿಕೊಂಡಿರುತ್ತವೆ.

ಬಾಗಿಲಿನ ಅರ್ಧ ಪರದೆಯನ್ನು ಸರಿಸಿ ಒಳಗೆ ಬಂದು ಕೂತ ಕೂಡಲೇ ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಬರುತ್ತದೆ. ಅದರ ಬೆನ್ನಿಗೇ, ಯಾರೂ ಕೇಳದಿದ್ದರೂ, ತಲಾ ಒಂದು ಪುಟ್ಟ ಬಟ್ಟಲು ಬರುತ್ತದೆ. ಇದರ ಹೆಸರು ಒತೋಶಿ. ಇಂದು ಅದರಲ್ಲಿದ್ದದ್ದು ಸೋಯಾ ಸಾಸಿನಲ್ಲಿ ಬೇಯಿಸಿದ ಮೂಲಂಗಿಯ ಎರಡು ಹೋಳು. ಸಾಮಾನ್ಯವಾಗಿ ಒಬ್ಬರಿಗೆ 300ರಿಂದ 500 ಯೆನ್ ಇದರ ಲೆಕ್ಕಕ್ಕೆ ಬಿಲ್ಲಿನಲ್ಲಿ ಸೇರುವುದರಿಂದ, ಹೊಸದಾಗಿ ಬಂದ ಪ್ರವಾಸಿಗಳು ಮೋಸ ಹೋದೆವೆಂದು ಬೇಸರಪಡುವುದುಂಟು. ಅದು ಕೂರುವ ಜಾಗದ ಶುಲ್ಕವೂ ಹೌದು ಎಂಬುದನ್ನು ಅಂಗಡಿಗಳು ಮೊದಲೇ ಬರೆದು ತಿಳಿಸಬೇಕೆಂದು ನನಗೂ ಅನ್ನಿಸುತ್ತದೆ. ಹಾಗಿದ್ದರೂ ಆ ಬಟ್ಟಲು ನನಗೆ ಪ್ರಿಯ, ಏಕೆಂದರೆ ಇಡೀ ಸಂಜೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರುವುದು ಬಹುಮಟ್ಟಿಗೆ ಅದೊಂದೇ. ಅಲ್ಲಿಂದ ಮುಂದೆ ಬರುವ ತಟ್ಟೆಗಳೆಲ್ಲ ಮೇಜಿಗೆ ಸೇರಿದವು.

ಆದ್ದರಿಂದಲೇ ಇಲ್ಲಿ ಯಾರೂ ‘ನನಗೆ ಇದು’ ಎಂದು ಹೇಳುವುದಿಲ್ಲ. ಮೊದಲು ಬೇಗನೆ ಬರುವಂಥವನ್ನು, ಅಂದರೆ ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, ತಣ್ಣನೆಯ ತೋಫು, ಉಪ್ಪಿನಲ್ಲಿ ಹಾಕಿದ ತರಕಾರಿಗಳನ್ನು ತರಿಸಿ, ಅವನ್ನು ತಿನ್ನುತ್ತಲೇ ಮುಂದೇನು ಎಂದು ಒಟ್ಟಾಗಿ ಯೋಚಿಸುತ್ತಾರೆ. ಅನಂತರ ಹಸಿ ಮೀನು, ಸುಟ್ಟದ್ದು, ಕರಿದದ್ದು ಎರಡೆರಡಾಗಿ ಬರುತ್ತವೆ. ಪ್ರತಿಯೊಬ್ಬರ ಮುಂದೆ ತೊರಿಜರಾ ಎಂಬ ಅಂಗೈಯಗಲದ ಖಾಲಿ ತಟ್ಟೆಯೊಂದು ಇರುತ್ತದೆ. ನಡುವಿನ ತಟ್ಟೆಯಿಂದ ಬೇಕಾದಷ್ಟನ್ನು ಅದಕ್ಕೆ ತೆಗೆದುಕೊಂಡು ತಿನ್ನುವುದು ಕ್ರಮ. ಸಸ್ಯಾಹಾರಿಗಳಾದ ವೀಕ್ಷಕರು ಒಂದು ವಿಷಯವನ್ನು ಗಮನಿಸಬೇಕು: ತೋಫುವಿನ ಮೇಲೆ ಒಣಮೀನಿನ ತೆಳುವಾದ ಹೆರೆತವನ್ನು ಉದುರಿಸಿರುತ್ತಾರೆ, ತರಕಾರಿಯನ್ನು ಬೇಯಿಸುವ ದಾಶಿ ಎಂಬ ತಿಳಿಸಾರಿಗೂ ಹೆಚ್ಚಾಗಿ ಮೀನೇ ಆಧಾರ. ಕೇಳದೆ ತಿನ್ನಬೇಡಿ.

ಎಂಜಲಿನ ಬಗ್ಗೆ ಎಚ್ಚರದಿಂದ ಬೆಳೆದ ನನಗೆ, ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಲು ಅಜ್ಜಿಯಿಂದ ಕಲಿತ ನನಗೆ, ಒಂದೇ ತಟ್ಟೆಗೆ ನಾಲ್ಕು ಜೊತೆ ಚಾಪ್‌ಸ್ಟಿಕ್‌ಗಳು ಇಳಿಯುವ ಈ ಪದ್ಧತಿಯು ಆರಂಭದಲ್ಲಿ ಕಷ್ಟವಾಗಿತ್ತು. ಆದರೆ ಸ್ವಲ್ಪ ಕಾಲ ಗಮನಿಸಿದ ಮೇಲೆ ಆ ಎಚ್ಚರ ಇಲ್ಲಿಯೂ ಇದೆ ಎಂಬುದು ತಿಳಿಯಿತು. ಬಡಿಸಿಕೊಳ್ಳಲೆಂದೇ ಬೇರೊಂದು ಜೊತೆ ಕಡ್ಡಿಗಳನ್ನು ಕೇಳಿ ತರಿಸಿಕೊಳ್ಳುವವರಿದ್ದಾರೆ. ತಮ್ಮದನ್ನೇ ತಿರುಗಿಸಿ ಹಿಂಭಾಗದಿಂದ ಎತ್ತಿಕೊಳ್ಳುವವರಿದ್ದಾರೆ, ಆದರೆ ಕೈ ಹಿಡಿದ ತುದಿಯು ಊಟಕ್ಕೆ ತಾಗುವುದು ಸರಿಯಲ್ಲವೆಂದು ಅದನ್ನು ಒಪ್ಪದವರೂ ಇದ್ದಾರೆ. ಆಪ್ತರ ನಡುವೆ ಇವು ಯಾವುವೂ ಇರುವುದಿಲ್ಲ, ಹೀಗಾಗಿ ನನ್ನ ಸಹೋದ್ಯೋಗಿಗಳು ಒಂದು ದಿನ ‘ಹಾಗೆಯೇ ತೆಗೆದುಕೊಳ್ಳೋಣ’ ಎಂದು ಹೇಳಿದ್ದು ನನಗೆ ಸ್ನೇಹದ ಮಾತಾಗಿಯೇ ಕೇಳಿಸಿತು.

ಎಲ್ಲರೂ ತಪ್ಪದೆ ಪಾಲಿಸುವ ನಿಯಮ ಒಂದಿದೆ. ಒಬ್ಬರು ಚಾಪ್‌ಸ್ಟಿಕ್‌ನಲ್ಲಿ ಹಿಡಿದ ತುತ್ತನ್ನು ಇನ್ನೊಬ್ಬರು ನೇರವಾಗಿ ತಮ್ಮ ಚಾಪ್‌ಸ್ಟಿಕ್‌ನಿಂದ ತೆಗೆದುಕೊಳ್ಳಬಾರದು. ಜಪಾನಿನಲ್ಲಿ ಶವದಹನವಾದ ಮೇಲೆ ಬಂಧುಗಳು ಮೂಳೆಗಳನ್ನು ಕಡ್ಡಿಗಳಿಂದ ಎತ್ತಿ ಚಿತಾಭಸ್ಮದ ಪಾತ್ರೆಗೆ ಹಾಕುತ್ತಾರೆ. ಒಂದೇ ವಸ್ತುವನ್ನು ಇಬ್ಬರ ಕಡ್ಡಿಗಳು ಹಿಡಿಯುವುದು ಆ ಸಂದರ್ಭಕ್ಕೆ ಮಾತ್ರ ಸೇರಿದ್ದು. ನನಗಿದು ಗೊತ್ತಿಲ್ಲದ ದಿನಗಳಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರು ಬದನೆಕಾಯಿಯ ಹೋಳನ್ನು ಎತ್ತಿದಾಗ ನಾನು ನನ್ನ ಕಡ್ಡಿಗಳನ್ನು ಮುಂದೆ ಚಾಚಿದ್ದೆ. ಅವರು ಏನೂ ಹೇಳದೆ ಕೈಯನ್ನು ಸ್ವಲ್ಪ ತಗ್ಗಿಸಿ ಅದನ್ನು ನನ್ನ ತಟ್ಟೆಯಲ್ಲಿಟ್ಟರು. ಕಾರಣ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ನನ್ನನ್ನು ನಾಚಿಸದೆ ಕಲಿಸಿದ ಆ ಕೈಯನ್ನು ನಾನು ಮರೆತಿಲ್ಲ.

ಹಂಚಿಕೊಳ್ಳುವುದರಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಈಗ ಬಂದಿರುವ ಯಾಕಿತೋರಿಯನ್ನು, ಅಂದರೆ ಬಿದಿರು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟ ಕೋಳಿಯನ್ನು, ನಾಲ್ವರಿಗೂ ಸಿಗಲೆಂದು ಕಡ್ಡಿಯಿಂದ ಬಿಡಿಸಿಡುವುದು ಸೌಜನ್ಯವೆಂದು ಕೆಲವರು ತಿಳಿಯುತ್ತಾರೆ; ಹಾಗೆ ಬಿಡಿಸಿದರೆ ರಸ ಸೋರಿ ಬೇಗ ಆರುತ್ತದೆಂದು ಸುಡುವವರಲ್ಲಿ ಹಲವರು ನೊಂದುಕೊಳ್ಳುತ್ತಾರೆ. ಇದರಲ್ಲಿ ನಾನು ಸುಡುವವರ ಪಕ್ಷ. ಕರಿದ ಕೋಳಿಯ ಮೇಲೆ ನಿಂಬೆಹಣ್ಣನ್ನು ಹಿಂಡುವ ಮೊದಲು ಎಲ್ಲರನ್ನೂ ಕೇಳಬೇಕೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಸುರಿಯುವ ಕೈಗಳನ್ನೂ ನೋಡಿ. ಸಾಕೆಯ ಅಳತೆಯಾದ ಒಂದು ಗೋ ಎಂದರೆ ಸುಮಾರು 180 ಮಿಲಿಲೀಟರ್; ಅದನ್ನು ತುಂಬಿದ ಹೂಜಿಯ ಪಕ್ಕದಲ್ಲಿರುವ ಬಟ್ಟಲು ಎರಡು ಮೂರು ಗುಟುಕಿಗೆ ಬರಿದಾಗುವಷ್ಟು ಚಿಕ್ಕದು. ತನಗೆ ತಾನೇ ಸುರಿದುಕೊಳ್ಳುವ ವಾಡಿಕೆ ಜೊತೆಗಾರರ ನಡುವೆ ಇಲ್ಲದ ಕಾರಣ, ಪಕ್ಕದವರ ಬಟ್ಟಲಿನ ಮೇಲೆ ಸದಾ ಒಂದು ಕಣ್ಣಿರುತ್ತದೆ. ನಾನು ಮದ್ಯ ಕುಡಿಯುವುದಿಲ್ಲ. ನನ್ನ ಲೋಟದಲ್ಲಿರುವುದು ಊಲಾಂಗ್ ಚಹಾ. ‘ಕಾನ್ಪಾಯ್’ ಎಂದು ಲೋಟಗಳನ್ನು ತಾಗಿಸುವಾಗ ಅದಕ್ಕೂ ಬಿಯರಿನಷ್ಟೇ ಮರ್ಯಾದೆ ದೊರೆಯಿತು, ಏಕೆ ಕುಡಿಯುವುದಿಲ್ಲವೆಂದು ಯಾರೂ ಕೇಳಲಿಲ್ಲ. ಅಂದ ಹಾಗೆ, 2022ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ವಯಸ್ಕರೆನಿಸುವ ವಯಸ್ಸು 18ಕ್ಕೆ ಇಳಿದರೂ ಮದ್ಯಕ್ಕೆ 20 ವರ್ಷದ ಮಿತಿಯೇ ಉಳಿದಿದೆ.

ಈಗ ಮತ್ತೆ ಆ ತುಂಡಿನ ಬಳಿಗೆ ಬರೋಣ. ನಮ್ಮಲ್ಲಿ ಒಸಾಕಾ ಕಡೆಯವರೊಬ್ಬರಿದ್ದಾರೆ. ಅವರ ಕಡೆಯ ಆಡುಮಾತಿನಲ್ಲಿ ಹೀಗೆ ತಟ್ಟೆಯಲ್ಲಿ ಉಳಿಯುವ ಕೊನೆಯ ತುಂಡಿಗೆ ‘ಎನ್ರ್ಯೊ ನೊ ಕತಮಾರಿ’ ಎಂಬ ಹೆಸರೇ ಇದೆ. ಸಂಕೋಚದ ಮುದ್ದೆ ಎಂದು ನಾವದನ್ನು ಕರೆಯಬಹುದು. ನಾಲ್ವರ ಸಂಕೋಚವೂ ಗಟ್ಟಿಯಾಗಿ ಕೋಳಿಯ ರೂಪದಲ್ಲಿ ಕೂತಿದೆಯೆಂದು ಅವರು ಬಾಯಿಬಿಟ್ಟು ಹೇಳಿದಾಗ ಎಲ್ಲರೂ ನಕ್ಕರು. ನೀವು ತಿನ್ನಿ, ಇಲ್ಲ ನೀವು ತಿನ್ನಿ ಎಂಬ ಮಾತು ಮೇಜನ್ನು ಒಂದು ಸುತ್ತು ಬಂದಿತು. ಕೊನೆಗೆ ಹಿರಿಯರು ಅದನ್ನು ಎತ್ತಿ, ಈ ವರ್ಷವಷ್ಟೇ ಕೆಲಸಕ್ಕೆ ಸೇರಿದ ಕಿರಿಯ ಹುಡುಗಿಯ ತಟ್ಟೆಯಲ್ಲಿಟ್ಟರು. ದೃಶ್ಯದಲ್ಲಿ ಎಡಗಡೆಯಿಂದ ಬರುವ ಆ ಕೈ, ಬದನೆಕಾಯಿಯ ದಿನ ಸ್ವಲ್ಪ ತಗ್ಗಿದ ಅದೇ ಕೈ.

ಖಾಲಿಯಾದ ತಟ್ಟೆಯನ್ನು ಮಾಲೀಕರು ತೆಗೆದುಕೊಂಡು ಹೋಗಿ, ಆ ಜಾಗದಲ್ಲಿ ಬಿಸಿ ಚಹಾ ಸುರಿದ ಅನ್ನವನ್ನು ತಂದಿಟ್ಟರು. ಬಿಲ್ಲನ್ನು ಸಮನಾಗಿ ಹಂಚಿಕೊಳ್ಳುವುದು ಇಲ್ಲಿಯ ರೂಢಿ, ಟಿಪ್ಸ್ ಕೊಡುವ ಪದ್ಧತಿಯಿಲ್ಲ. ನಾನು ನನ್ನ ಕಾಲು ಭಾಗವನ್ನು ಎಣಿಸಿ ಮೇಜಿನ ಮೇಲಿಟ್ಟೆ. ಒಸಾಕಾದವರು ಅದರಿಂದ ಒಂದು ಸಾವಿರ ಯೆನ್ ನೋಟನ್ನು ತೆಗೆದು, ‘ನೀವು ಕುಡಿದದ್ದು ಚಹಾ ಮಾತ್ರವಲ್ಲವೇ’ ಎಂದು ಹೇಳಿ ನನ್ನ ಕಡೆಗೆ ಸರಿಸಿದರು.