ತಲೆನೋವು ನೆಪವಲ್ಲ

ಕೇಳುಗರಿಗೆ ನಮಸ್ಕಾರ.

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಬೆಳಗ್ಗೆ ರಸ್ತೆಗೆ ಬಂದರೆ ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಕಾಣುತ್ತಾರೆ. ಕತ್ತಲಿರುವಾಗಲೇ ಎದ್ದು ಮುದ್ದೆ ತಿರುವಿ, ಮಕ್ಕಳ ಡಬ್ಬಿ ಕಟ್ಟಿ, ತಮ್ಮ ತಿಂಡಿ ಬಿಟ್ಟು ಬಂದವರು. ಹೊಲಿಗೆ ಲೈನಿನಲ್ಲಿ ಕೂರುವವರು ಬಹುಪಾಲು ಹೆಂಗಸರು. ಗಂಟೆಗೆ ಇಷ್ಟು ಪೀಸ್ ಎಂದು ತಲೆ ಮೇಲೆ ನಿಂತು ಕೇಳುವವರು ಬಹುಪಾಲು ಗಂಡಸರು. ಅಲ್ಲೊಬ್ಬಾಕೆ ಹಣೆಗೆ ದುಪಟ್ಟಾ ಬಿಗಿದು, ಒಂದು ಕಣ್ಣು ಮುಚ್ಚಿಕೊಂಡೇ ಕಾಲರ್ ಹೊಲಿಯುತ್ತಿರುತ್ತಾಳೆ. ಮೇಲೆ ಟ್ಯೂಬ್‌ಲೈಟು, ಸುತ್ತ ಮಿಷಿನ್ ಸದ್ದು, ಹೊಟ್ಟೆಯಲ್ಲಿ ಸಂಕಟ. ರಜೆ ಕೇಳಿದರೆ ಸಿಗುವ ಉತ್ತರ: “ತಲೆನೋವು ಯಾರ್ಗವ್ವ ಬರಕಿಲ್ಲ?”

ಆಕೆಗೆ ಬಂದಿರುವುದು ಮೈಗ್ರೇನ್. ನರಮಂಡಲದ ಕಾಯಿಲೆ. ಔಷಧಿಯಿಲ್ಲದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡಬಲ್ಲದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಟ್ಟಿನ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದೂ ಅದಕ್ಕೊಂದು ಕಾರಣ. ಊಟ ತಪ್ಪಿದರೆ, ನಿದ್ದೆಗೆಟ್ಟರೆ, ನೀರು ಕಡಿಮೆಯಾದರೆ ಕೆರಳುತ್ತದೆ. ತಿಂಡಿ ತಪ್ಪಿಸಿದ್ದು ಮನೆಗೆಲಸ. ನೀರು ತಪ್ಪಿಸಿದ್ದು ಕಾರ್ಖಾನೆ. ಶೌಚಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ಆಕೆ ಬಾಟಲಿಯನ್ನೇ ಮುಟ್ಟುವುದಿಲ್ಲ. ಗಂಡಸು ತಲೆ ಹಿಡಿದು ಕೂತರೆ ‘ಪಾಪ, ಕೆಲಸ ಜಾಸ್ತಿ’ ಅನ್ನುತ್ತೇವೆ, ಹೆಂಗಸು ಕೂತರೆ ‘ನಾಟಕ’ ಅನ್ನುತ್ತೇವೆ. ಇದು ಶುದ್ಧ ಅನ್ಯಾಯ.

ಆಕೆಯೋ, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ದಿನ ತಳ್ಳುತ್ತಾಳೆ. ತಿಂಗಳಿಗೆ 15 ದಿನದಂತೆ ಮೂರ್ನಾಲ್ಕು ತಿಂಗಳು ನೋವಿನ ಮಾತ್ರೆ ತಿಂದರೆ ಆ ಮಾತ್ರೆಯೇ ತಲೆನೋವು ತರಬಹುದು. ಮೈಗ್ರೇನ್ ಪದೇ ಪದೇ ಬಾರದಂತೆ ತಡೆಯುವ ಔಷಧಿಗಳೇ ಬೇರೆ ಇವೆ, ವೈದ್ಯರನ್ನು ಕಾಣಿ. ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಬೇಕಾದಷ್ಟು ದಿನ ಚಂದಾ ಕಟ್ಟಿದ್ದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ನಿಮ್ಮ ಸಂಬಳದಲ್ಲೂ ಮುರಿದುಕೊಂಡ ದುಡ್ಡು ಅದು, ಕೇಳಲು ಸಂಕೋಚ ಬೇಡ.

ಫಿಟ್ಸ್ ಇರುವ ಹುಡುಗಿಯ ಪಾಡು ಇನ್ನೂ ಕಷ್ಟ. ಕೆಲಸ ಹೋದೀತು, ಮದುವೆ ನಿಂತೀತು ಎಂದು ಮಾತ್ರೆಯನ್ನು ಪೌಡರ್ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಯಾರಾದರೂ ನೋಡುತ್ತಿದ್ದರೆ ಆ ಹೊತ್ತಿನದನ್ನು ಬಿಡುತ್ತಾಳೆ. ಬಿಟ್ಟದ್ದಕ್ಕೇ ಫಿಟ್ಸ್ ಬರುತ್ತದೆ. ಔಷಧಿ ತಪ್ಪದಿದ್ದರೆ ನೂರಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಫಿಟ್ಸ್ ಇರುವವರ ಮದುವೆಗಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಲೈನಿನಲ್ಲಿ ಯಾರಾದರೂ ಬಿದ್ದರೆ ಕೈಗೆ ಬೀಗದ ಕೈ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಿ.

ಹೆರಿಗೆ ರಜೆ ಮುಗಿಸಿ ಬಂದವಳು ವಾರಗಟ್ಟಲೆ ಮಂಕಾಗಿದ್ದರೆ, ಸುಮ್ಮಸುಮ್ಮನೆ ಅಳುತ್ತಿದ್ದರೆ, ಅದು ಖಿನ್ನತೆ ಇರಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ಈ ಮಾತು ಕೇಳುತ್ತಿರುವ ಸೂಪರ್‌ವೈಸರ್ ಅಣ್ಣಂದಿರೇ, ನೀರಿಗೆ, ಶೌಚಕ್ಕೆ ಏಳುವ ಹೊತ್ತನ್ನು ಕಳೆದೇ ಟಾರ್ಗೆಟ್ ಹಾಕಿ. ಅದು ನಿಮ್ಮ ಕೈಯಲ್ಲಿಲ್ಲ ಅನ್ನುವುದಾದರೆ, ಯಾರ ಕೈಯಲ್ಲಿದೆಯೋ ಅವರಿಗೆ ನಾಳೆಯೇ ಹೇಳಿ.

ನಮಸ್ಕಾರ.